ನಮ್ಮ ಕಡೆ ಸರಿಯಾಗಿ ಕಾಣಿಸುತ್ತಿದೆ

ನನಗೆ ಬೇಗ ಸಿಟ್ಟು ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಈ ಸಿಟ್ಟಿಗೆ ಬಹುಮಾನ ಕೊಡುತ್ತಿದ್ದರು. ಈಗ ಅದಕ್ಕೇ ಮನೆಯಲ್ಲಿ ಬೈಯುತ್ತಾರೆ. ಬೈದವರ ಎದುರು ಪರ-ವಿರೋಧ ಎರಡನ್ನೂ ನಾನೇ ವಾದಿಸಿ ತೋರಿಸುವುದರಿಂದ ಈಚೆಗೆ ಬೈಯುವುದನ್ನೂ ಕಡಿಮೆ ಮಾಡಿದ್ದಾರೆ. ಆದರೆ ಒಂದು ವಾಕ್ಯ ಕಿವಿಗೆ ಬಿದ್ದರೆ ಮಾತ್ರ ನನ್ನ ತರ್ಕ ಗಿರ್ಕ ಎಲ್ಲ ಮೂಲೆಗೆ ಸರಿದು ಬರೀ ಸಿಟ್ಟು ಉಳಿಯುತ್ತದೆ. "ನಮ್ಮ ಕಡೆ ಸರಿಯಾಗಿ ಕಾಣಿಸುತ್ತಿದೆ."

ಗಮನಿಸಿ, ಈ ವಾಕ್ಯದಲ್ಲಿ ಸುಳ್ಳಿಲ್ಲ. ಅದೇ ಅದರ ಕಿತಾಪತಿ. ಬರದ ವರ್ಷ ಬೀದರಿನ ನಮ್ಮ ಗಲ್ಲಿಯ ನಲ್ಲಿಗಳು ವಾರಗಟ್ಟಲೆ ಗಾಳಿ ಊದುತ್ತಿದ್ದಾಗ, ನೀರು ಬಿಡುವವನಿಗೆ ಫೋನ್ ಮಾಡಿದರೆ "ನಮ್ಮ ಕಡಿಯಿಂದ ಬಿಟ್ಟೀವ್ರಿ" ಅನ್ನುತ್ತಿದ್ದ. ಬಿಟ್ಟದ್ದು ನಿಜವಿರಬಹುದು. ಬಂದಿಲ್ಲ ಎಂಬುದೂ ನಿಜ. ಎರಡು ನಿಜಗಳ ನಡುವೆ ಖಾಲಿ ಕೊಡ ಹಿಡಿದು ನಿಂತವಳು ನಾನು. ಹೇಳಿದವನು ಫೋನ್ ಇಟ್ಟು ಊಟಕ್ಕೆ ಹೋಗುತ್ತಾನೆ. ದುರಸ್ತಿಯ ಹೊಣೆ ಸದ್ದಿಲ್ಲದೆ ಕೇಳಿದವರ ಹೆಗಲಿಗೆ ಬಂದಿರುತ್ತದೆ.

ನಾನು ಹುಟ್ಟುವ ಹೊತ್ತಿಗೆ ಟೀವಿಯ ಆಂಟೆನಾ ಕಾಲ ಮುಗಿಯುತ್ತ ಬಂದಿತ್ತು. ಆದರೂ ಭಾಲ್ಕಿಯ ನಮ್ಮ ಅಜ್ಜಿಯ ಮಾಳಿಗೆಯ ಮೇಲೆ ಒಂದು ಆಂಟೆನಾ ಬಹಳ ವರ್ಷ ನಿಂತಿತ್ತು. ಮಾವ ಮೇಲೆ ನಿಂತು ಕೊಳವೆ ತಿರುಗಿಸುವುದು, ಅಜ್ಜಿ ಕೆಳಗೆ ಟೀವಿ ಎದುರು ಕೂತು "ಬಂತು, ಬಂತು, ಏ ಹೋತು ನೋಡೋ!" ಎಂದು ಕೂಗುವುದು. ಅಂದಿನ ಏರ್ಪಾಡು ಎಷ್ಟು ನ್ಯಾಯವಾಗಿತ್ತು ನೋಡಿ. ತಿರುಗಿಸುವವನಿಗೆ ಚಿತ್ರ ಕಾಣುವುದಿಲ್ಲ; ಕಾಣುವವಳ ಮಾತನ್ನು ಅವನು ನಂಬಲೇಬೇಕು. ಮಾವ ಒಂದು ದಿನವೂ ಮಾಳಿಗೆಯಿಂದ "ನನ್ನ ಕಡೆ ಸರಿ ಕಾಣ್ತದ" ಎಂದು ಕೂಗಲಿಲ್ಲ. ಕೂಗಿದ್ದರೆ ಅಜ್ಜಿ ಏಣಿ ತೆಗೆದುಬಿಡುತ್ತಿದ್ದಳು.

ಈಗ ಏಣಿಯೂ ಇಲ್ಲ, ಅಜ್ಜಿಯಂಥವರೂ ಇಲ್ಲ. ಇರುವುದು ಸಹಾಯ ಕೇಂದ್ರ. ಅದರ ಜೊತೆ ನನ್ನ ಜಗಳ ಹತ್ತಿದ್ದು ಹೇಗೆಂದರೆ, ನಮ್ಮ ಚರ್ಚಾಕೂಟದಿಂದ.

ಭಾಲ್ಕಿಯಲ್ಲಿ ಓದುವಾಗ ಕಟ್ಟಿಕೊಂಡ ಕೂಟ ಅದು. ಭಾನುವಾರ ಸೇರಿ ಯಾವುದಾದರೊಂದು ವಿಷಯ ಹಿಡಿದು ಗಂಟಲು ಹರಿದುಕೊಳ್ಳುತ್ತಿದ್ದೆವು. ಮಳೆ ಕೈಕೊಟ್ಟ ಮೇಲೆ ಒಬ್ಬೊಬ್ಬರೇ ಹೈದರಾಬಾದು, ಪುಣೆ ಅಂತ ಹೊರಟರು. ವಾದ ಮಾಡಲು ಎದುರಾಳಿಯೇ ಇಲ್ಲದ ಊರಿನಲ್ಲಿ ಕೂಟ ನಡೆಸುವುದು ಹೇಗೆ? ವೀಡಿಯೊ ಕರೆಯಲ್ಲಿ ಸೇರೋಣ ಎಂದರೆ ಅರ್ಧ ಜನ ಕ್ಯಾಮೆರಾ ತೆರೆಯಲಿಲ್ಲ. ಕಾರಣ ಹೇಳಿದವನು ವೈಜಿನಾಥ ಒಬ್ಬನೇ. ಔರಾದ್ ತಾಲ್ಲೂಕಿನ ಚಿಂತಾಕಿಯವನು, ನಮ್ಮ ಕೂಟದ ಅತಿ ಚೂಪು ನಾಲಿಗೆ, ಆಗ ಹೈದರಾಬಾದಿನ ಒಂದು ಕಟ್ಟಡದ ಕೆಲಸದಲ್ಲಿ ಕರೆಂಟಿನ ತಂತಿ ಎಳೆಯುತ್ತಿದ್ದ.

"ತಗಡಿನ ಶೆಡ್ ಅದ ಅಕ್ಕಾ. ಹಿಂದ ಎಂಟು ಮಂದಿ ಚಡ್ಡಿ ಒಣಾ ಹಾಕ್ಯಾರ. ನಾ ಏನರೆ ಮಾತಾಡ್ಲಿ, ನೋಡೋರು ಚಡ್ಡಿನೇ ನೋಡ್ತಾರ" ಅಂದ.

ಇದಕ್ಕೆ ಪರಿಹಾರ ಹುಡುಕಿದವಳು ಗೆಳತಿ ಮಹಾನಂದಾ. ಭಾಲ್ಕಿಯಲ್ಲಿ ಕಂಪ್ಯೂಟರ್ ಕಲಿಸುವವಳು. ವರ್ಚುವಲ್ ಜಗತ್ತು ಅಂತ ಒಂದಿದೆ, ಅಲ್ಲಿ ನಮ್ಮ ಬದಲು ನಮ್ಮ ಗೊಂಬೆಗಳು ಓಡಾಡುತ್ತವೆ, ನಾವು ಮಾತಾಡಿದರೆ ಗೊಂಬೆಯ ಬಾಯಿ ಆಡುತ್ತದೆ, ಶೆಡ್ಡು ಗಿಡ್ಡು ಏನೂ ಕಾಣಿಸದು ಎಂದಳು. ನಾನು ಸಂಶಯವಾದಿ, ಗೊಂಬೆಯ ಬಾಯಿಂದ ಹೊರಡುವ ತರ್ಕಕ್ಕೆ ಏನು ಬೆಲೆ ಎಂದು ಕೇಳಿದೆ. "ನೀ ಖುದ್ದಾಗಿ ನಿಂತು ಹೇಳಿದ್ದಕ್ಕ ಏನ್ ಬೆಲಿ ಬಂದದ ಹೇಳವ್ವ?" ಅಂದಳು. ಸೇರಿಕೊಂಡೆ.

ಅಲ್ಲಿ ಎಲ್ಲರಿಗೂ ಒಂದೇ ನಮೂನೆಯ ಬಿಳಿ ಅಂಗಿ ಪುಕ್ಕಟೆ ಸಿಗುತ್ತದೆ. ನನಗೆ ಸಾಕಾಯಿತು. ವೈಜಿನಾಥನಿಗೆ ಸಾಲಲಿಲ್ಲ. "ಸೈಟಿನ್ಯಾಗ ದಿನಾ ಹೆಲ್ಮೆಟ್ ಹಾಕ್ತೇನಿ. ಇಲ್ಲ್ಯಾದ್ರೂ ನನಗ ರುಮಾಲ ಸುತ್ತ್ರಿ" ಎಂದು ಮಹಾನಂದಾಳ ಬೆನ್ನು ಹತ್ತಿದ. ಅವಳು ವಾರವಿಡೀ ಕೂತು ಗುಲಾಬಿ ರುಮಾಲು ಮಾಡಿಕೊಟ್ಟಳು. ಒಂದೊಂದು ಸುತ್ತಿನ ಒಂದೊಂದು ಮಡಿಕೆ, ಬೆನ್ನ ಮೇಲೆ ಇಳಿಬಿದ್ದ ಚುಂಗು, ಚುಂಗಿನ ದಾರ ಸಹಿತ. ನೋಡಿದವರೆಲ್ಲ ನನಗೂ ನನಗೂ ಎಂದರು. ಪುಣೆಯಲ್ಲಿದ್ದ ಹೆಣ್ಣುಮಕ್ಕಳು ದೊಡ್ಡ ಅಂಚಿನ ಸೀರೆ ಕೇಳಿದರು. ಕೆಲವೇ ತಿಂಗಳಲ್ಲಿ ನಮ್ಮ ಸಭಾಂಗಣ ಕಮಲನಗರದ ಸಂತೆಯ ಹಾಗೆ ಕಂಗೊಳಿಸತೊಡಗಿತು. ವೈಜಿನಾಥ ರುಮಾಲು ಸುತ್ತಿಕೊಂಡು ಕಟ್ಟೆ ಏರಿದರೆ ಶೆಡ್ಡೂ ಇಲ್ಲ, ಚಡ್ಡಿಯೂ ಇಲ್ಲ. ಬರೀ ವೈಜಿನಾಥ, ಬರೀ ಮಾತು.

ಆಗ ಬಂತು ಸ್ಪರ್ಧೆ. ರಾಜ್ಯದ ಕೂಟಗಳ ನಡುವೆ, ಇದೇ ಜಗತ್ತಿನೊಳಗೆ, ಒಂದು ಭಾನುವಾರ ಮಧ್ಯಾಹ್ನ. ವಿಷಯ: ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿಯುವುದೇ ಸರಿಯಾದ ಕ್ರಮ. ನಗಬೇಡಿ. ಕಪ್ಪಿನ ಕೆಳಗಿಡುವ ತಟ್ಟೆಯೇ ಬಶಿ ಎಂದು ದಕ್ಷಿಣದವರಿಗೆ ವಿವರಿಸಲು ನಮಗೆ ಒಂದು ನಿಮಿಷ ಹೆಚ್ಚು ಕೊಡಬೇಕಿತ್ತೆಂದು ನಾನು ಆಗಲೇ ತಕರಾರು ತೆಗೆದಿದ್ದೆ. ಪರವಾಗಿ ವೈಜಿನಾಥ, ವಿರೋಧವಾಗಿ ದಕ್ಷಿಣದ ಒಂದು ತಂಡದ ಹುಡುಗಿ. ತೀರ್ಪುಗಾರರು ನಿವೃತ್ತ ಪ್ರಾಧ್ಯಾಪಕರು, ಮೃದು ಮಾತಿನವರು.

ವೈಜಿನಾಥ ಕಟ್ಟೆ ಏರಿ "ಮಾನ್ಯ ತೀರ್ಪುಗಾರರೇ" ಎಂದದ್ದೇ ತಡ, ಅವರು ಕೈಯೆತ್ತಿದರು. "ಕ್ಷಮಿಸಿ, ಅಲ್ಲಿ ಯಾರೂ ಕಾಣಿಸುತ್ತಿಲ್ಲ. ಏನೋ ಬೂದು ಬಣ್ಣದ ಮುದ್ದೆ ಇದೆ. ಭಾಷಣಕಾರರು ಕಾಣಬೇಕೆಂಬುದು ನಿಯಮ. ಹಾವಭಾವಕ್ಕೂ ಅಂಕ ಇದೆಯಲ್ಲ. ಸರಿಹೋಗದಿದ್ದರೆ ಕ್ಯಾಮೆರಾ ಹಾಕಿಬಿಡಿ, ಮುಖ ನೋಡಿಕೊಂಡೇ ಕೇಳೋಣ. ಇಲ್ಲವಾದರೆ ಮುಂದಿನವರನ್ನು ಕರೆಯಬೇಕಾಗುತ್ತದೆ."

ಸಹಜವಾದ ಸಲಹೆ. ಅವರಿಗೆ ಶೆಡ್ಡಿನ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸ್ವಲ್ಪ ಸಮಯ ಬೇಡಿಕೊಂಡು ಆ ವರ್ಚುವಲ್ ಜಗತ್ತನ್ನು ನಡೆಸುವವರ ಸಹಾಯ ಕೇಂದ್ರಕ್ಕೆ ಬರೆದೆ. ಉತ್ತರ ಕಣ್ಣುಮುಚ್ಚಿ ತೆಗೆಯುವುದರೊಳಗೆ ಬಂತು: "ನಮ್ಮ ಕಡೆ ಸರಿಯಾಗಿ ಕಾಣಿಸುತ್ತಿದೆ." ಆಮೇಲೆ ಸಲಹೆಗಳ ಸುರಿಮಳೆ, ನಿಜದ ಮಳೆಯಾಗಿದ್ದರೆ ಕಾರಂಜಾ ಜಲಾಶಯ ತುಂಬುತ್ತಿತ್ತು. ಭಾಷಣಕಾರರು ಹೊರಹೋಗಿ ಮತ್ತೆ ಒಳಬರಲಿ. ಬಂದ. ಮುದ್ದೆ. ಹಳೆಯ ಚಿತ್ರಗಳ ಸಂಗ್ರಹ ಅಳಿಸಲಿ. ಅಳಿಸಿದ. ಮುದ್ದೆ. ಭಾಷಣಕಾರರು ತಮ್ಮ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಲಿ.

"ಇನ್ನ ಕಿಡ್ನಿ ಒಂದು ಉಳೀತ್ ನೋಡ್ರಿ ವಕೀಲ್ ಸಾಬ್, ಅದನ್ನೂ ಬದಲಿ ಮಾಡ್ಸಂತೇನು?" ಅಂದ ವೈಜಿನಾಥ. ಸಿಟ್ಟು ಬಂದಾಗ ಅವನು ನನ್ನನ್ನು ವಕೀಲ್ ಸಾಬ್ ಅನ್ನುತ್ತಾನೆ.

ನನಗೆ ಉರಿದದ್ದು ಇಲ್ಲೇ. ಕಣ್ಣನ್ನು ಬೆರಳಿನಿಂದ ಒತ್ತಿ ಹಿಡಿದವನಿಗೆ ಆಕಾಶದಲ್ಲಿ ಎರಡು ಚಂದ್ರ ಕಾಣುತ್ತವೆ. ನಮ್ಮ ಹಳೆಯ ತರ್ಕಶಾಸ್ತ್ರದವರು ಭ್ರಮೆಗೆ ಕೊಡುವ ಉದಾಹರಣೆ ಅದು. ಆ ಬಗ್ಗೆ ಅವರು ತಲೆಮಾರುಗಟ್ಟಲೆ ಜಗಳ ಆಡಿದ್ದಾರೆ. ಆದರೆ ಅವರಲ್ಲಿ ಎಂಥ ಮೊಂಡನೂ ಚಂದ್ರನಿಗೆ "ಸ್ವಲ್ಪ ಹೊರಹೋಗಿ ಮತ್ತೆ ಒಳಗೆ ಬಾ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಬೆರಳು ತೆಗೆ ಎಂದು ನೋಡುವವನಿಗೇ ಹೇಳಬೇಕು. ನಮ್ಮೆಲ್ಲರ ಪರದೆಯಲ್ಲಿ ವೈಜಿನಾಥ ಚುಂಗಿನ ದಾರ ಸಮೇತ ನಿಂತಿದ್ದಾನೆ, ಕಾಣದಿರುವುದು ಒಬ್ಬರಿಗೆ. ರಿಪೇರಿ ಮಾತ್ರ ವೈಜಿನಾಥನಿಗೆ!

"ಮಾನ್ಯರೇ, ನಿಮಗೆ ಒಂದೆರಡು ಪ್ರಶ್ನೆ ಕೇಳಬಹುದೇ?" ಎಂದೆ. ಚರ್ಚೆಯಲ್ಲಿ ಎದುರಾಳಿಗೆ ಪ್ರಶ್ನೆ ಹಾಕುತ್ತೇವೆ; ತೀರ್ಪುಗಾರರಿಗೆ ಹಾಕಿದ್ದು ನಾನೇ ಮೊದಲಿರಬೇಕು.

"ಕೇಳಿ."

"ನಾನು ಕಾಣುತ್ತೇನೆಯೇ?"

"ಚೆನ್ನಾಗಿ. ಬಿಳಿ ಅಂಗಿ."

"ಎದುರು ತಂಡ?"

"ಅವರೂ ಕಾಣುತ್ತಾರೆ. ಬಿಳಿ ಅಂಗಿ."

"ಸಭಾಂಗಣದಲ್ಲಿ ಇನ್ನು ಯಾರಿದ್ದಾರೆ?"

ಅವರು ತಡೆದು ನೋಡಿದರು. "ಇನ್ಯಾರೂ ಇಲ್ಲವಲ್ಲ. ಹಿಂದೆ ಏನೋ ಮೂಟೆಗಳನ್ನು ಪೇರಿಸಿಟ್ಟಿದ್ದಾರೆ."

ಮೂಟೆಗಳು! ಬಗದಲ್, ಭಾಲ್ಕಿ, ಔರಾದುಗಳಿಂದ ಹೊರಟು ಎಲ್ಲೆಲ್ಲೋ ನೆಲೆನಿಂತ ನಮ್ಮ ಇಡೀ ಬಳಗ ರುಮಾಲು ಸುತ್ತಿ, ಅಂಚಿನ ಸೀರೆಯುಟ್ಟು, ವೈಜಿನಾಥನ ಮಾತು ಕೇಳಲು ರಜೆಯ ದಿನ ಸಾಲಾಗಿ ಕೂತಿತ್ತು.

ಮಹಾನಂದಾ ಅಂದು ನಮ್ಮ ಮನೆಗೇ ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು, ಹಣೆ ಬಡಿದುಕೊಂಡಳು. "ರುಮಾಲ ಭಾರ ಆಗ್ಯಾದ ನೋಡವ್ವ! ಒಂದೊಂದು ಮಡಿಕಿ ಚಿತ್ರ ತಗೀಲಿಕ್ಕ ಕಂಪ್ಯೂಟರ್‌ಗೆ ಕಷ್ಟ. ಇಷ್ಟಕ್ಕಿಂತ ಭಾರ ಇದ್ದವ್ರನ್ನ ತೋರಸಬ್ಯಾಡ ಅಂತ ನೋಡೋರ ಕಡಿ ಒಂದು ಮಿತಿ ಇರ್ತದ. ಅವ್ರದು ಪೂರಾ ಕೆಳಗ ಅದ."

ಅರ್ಥವಾಯಿತಲ್ಲವೇ? ಪುಕ್ಕಟೆ ಅಂಗಿ ಹಾಕಿದವರು ಹಗುರ, ಅವರು ಮನುಷ್ಯರು. ಪ್ರೀತಿಯಿಂದ ಮಾಡಿಸಿಕೊಂಡು ತೊಟ್ಟವರು ಭಾರ, ಅವರು ಮೂಟೆ. ಎಷ್ಟು ಭಾರದವರೆಗೆ ಮನುಷ್ಯರು ಎಂಬುದನ್ನು ನಿರ್ಧರಿಸುವ ಗುಂಡಿ ನೋಡುವವರ ಕೈಯಲ್ಲಿ. ಅಂಥ ಗುಂಡಿ ಒಂದು ಇದೆ ಎಂಬುದೂ ಅವರಿಗೆ ತಿಳಿಯದು. ಅವರ ಕಡೆ ಎಲ್ಲ ಸರಿಯಾಗಿ ಕಾಣಿಸುತ್ತಿದೆ!

ಇದನ್ನು ಸಹಾಯ ಕೇಂದ್ರಕ್ಕೆ ಬರೆದರೆ, "ಹಾಗಾದರೆ ಭಾಷಣಕಾರರು ಭಾರವಾದ ಉಡುಪು ತೆಗೆಯಲಿ" ಎಂಬ ಉತ್ತರ.

"ತಗೀಲೇನಕ್ಕಾ?" ವೈಜಿನಾಥ ಕೇಳಿದ. "ಕ್ಯಾಮೆರಾಕ್ಕಿಂತ ಇದು ಬೇಷ್."

"ತಗೀಬ್ಯಾಡ" ಎಂದೆ.

ಹೇಳಿದ ಮೇಲೆ ಹೊಳೆಯಿತು: ಹಟ ನನ್ನದು, ಕಳೆದುಹೋಗುವ ಅವಕಾಶ ಅವನದು. ವಾದ ಕಲಿತವರ ಕೆಟ್ಟ ಚಾಳಿಯೇ ಇದು, ತತ್ತ್ವಕ್ಕೆ ಬೇರೆಯವರ ತಲೆಯನ್ನು ಒತ್ತೆ ಇಡುವುದು. ಅವನು ಮಾತ್ರ "ಹ್ಞೂಂ, ಹಂಗಾರ ನೀವೇ ಲಡಾಯಿ ಮಾಡ್ರಿ, ನಾ ಜರಾ ನೀರ್ ಕುಡೀತೇನಿ" ಅಂದ.

ಲಡಾಯಿ ಮಾಡಿದೆ. ತಮ್ಮ ಕಂಪ್ಯೂಟರ್ ಹಳೆಯದು, ಮಿತಿ ಏರಿಸಿದರೆ ಬಿಸಿಯಾಗಿ ನಿಂತುಹೋಗಬಹುದು ಎಂದರು ತೀರ್ಪುಗಾರರು. ನಿಂತರೆ ಕಾಯುತ್ತೇವೆ, ಕಾಯುವುದು ನಮಗೆ ಅಭ್ಯಾಸ ಎಂದೆ. ನಿಯಮದಲ್ಲಿ ಭಾಷಣಕಾರ ಕಾಣಬೇಕು ಎಂದಿದೆಯಲ್ಲ ಎಂದರು. ನೋಡಲು ತೀರ್ಪುಗಾರರು ಪ್ರಯತ್ನಿಸಬಾರದು ಎಂದೇನೂ ಇಲ್ಲವಲ್ಲ ಎಂದೆ. ಅವರು ದೊಡ್ಡವರು, ನನ್ನ ಧಾಟಿಗೆ ಬೈಯಬಹುದಿತ್ತು. ಬೈಯಲಿಲ್ಲ. ಮಹಾನಂದಾ ಹೇಳಿದ ಹಾಗೆ ಹುಡುಕುತ್ತ ಹುಡುಕುತ್ತ ಗುಂಡಿಯನ್ನು ಮೇಲಕ್ಕೆ ಸರಿಸಿದರು. ಅವರ ಕಂಪ್ಯೂಟರಿನ ಫ್ಯಾನು ಜೋಳ ಬೀಸುವ ಗಿರಣಿಯಂತೆ ಮೊರೆಯುವುದು ನಮಗೆಲ್ಲ ಕೇಳಿಸಿತು.

ಅವರ ಗೊಂಬೆ ಸಾಲಿನಿಂದ ಸಾಲಿಗೆ ತಲೆ ತಿರುಗಿಸಿತು.

"ಅಯ್ಯೋ, ಇಷ್ಟೊಂದು ಜನ ಇದ್ದೀರಾ?" ಎಂದರು ಕೊನೆಗೆ.

"ಅವಾಗಿಂದ ಕುಂತೀವ್ರಿ ಸಾಹೇಬ್ರ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಪುಣೆ, ಹೈದರಾಬಾದು, ಭಾಲ್ಕಿ ಎಲ್ಲ ಒಟ್ಟಿಗೆ ನಕ್ಕವು.

ವೈಜಿನಾಥ ಮಾತಾಡಿದ. ಚಹಾದಂಗಡಿಯಲ್ಲಿ ಕೆಲಸಕ್ಕೆ ಓಡುವವನ ಅವಸರ, ಬಶಿಯ ಅಗಲ, ಆರುವ ವೇಗ ಎಲ್ಲ ಹೇಳಿದ. ಗೊಂಬೆಯ ಕೈ ಎತ್ತಲು ಹೋಗಿ ತಪ್ಪು ಗುಂಡಿ ಒತ್ತಿ ಒಮ್ಮೆ ಕುಣಿದೂ ಬಿಟ್ಟ. ಎದುರಿನ ಹುಡುಗಿ ಒಂದೇ ಪ್ರಶ್ನೆ ಹಾಕಿದಳು: ಬಶಿ ಹಿಡಿಯಲು ಎರಡು ಕೈ ಬೇಕಲ್ಲ, ಅಷ್ಟು ಅವಸರದವನು ಇನ್ನೊಂದು ಕೆಲಸಕ್ಕೆ ಕೈ ಎಲ್ಲಿಂದ ತರುತ್ತಾನೆ? ವೈಜಿನಾಥ ತೊದಲಿದ. ಸೋತ.

ತೀರ್ಪಿನ ಮೇಲೂ ಹರಿಹಾಯಲು ನಾನು ಸಿದ್ಧಳಾಗಿಯೇ ಇದ್ದೆ. ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ, ಎಲ್ಲೂ ಹಿಡಿ ಸಿಗಲಿಲ್ಲ. ಸರಿಯಾದ ತೀರ್ಪೇ. ಇಷ್ಟೆಲ್ಲ ಜಗಳ ಆಡಿ ಗಳಿಸಿದ್ದು ಒಂದು ಸೋಲೇ ಎಂದು ಮಹಾನಂದಾ ನಕ್ಕಳು. ನನಗೆ ಮಾತ್ರ ವಿಚಿತ್ರವಾದ ಸಮಾಧಾನ. ಮೂಟೆಯನ್ನು ಪಕ್ಕಕ್ಕೆ ಸರಿಸಬಹುದು, ಹೊರಗೆ ಎಸೆಯಬಹುದು, ಸೋಲಿಸಲು ಬರುವುದಿಲ್ಲ. ಸೋಲಬೇಕಾದರೂ ಮೊದಲು ಮನುಷ್ಯನಾಗಿ ಎದುರಿಗೆ ನಿಂತದ್ದು ಕಾಣಬೇಕು.

ಈ ಮಾತು ವೈಜಿನಾಥನಿಗೆ ಒಂದು ಚೂರೂ ಹಿಡಿಸಿಲ್ಲ. ಅನ್ಯಾಯವಾಗಿದೆ, ಮೇಲ್ಮನವಿ ಹಾಕಬೇಕು ಎಂದು ಫೋನಿನಲ್ಲಿ ದಿನವೂ ನನ್ನ ಜೊತೆ ಗುದ್ದಾಡುತ್ತಾನೆ. ಬಶಿಯನ್ನು ಒಂದೇ ಕೈಯಲ್ಲಿ ಹಿಡಿದು ಕುಡಿಯುವುದು ಹೇಗೆಂದು, ಹೆಬ್ಬೆರಳು ಎಲ್ಲಿ, ನಡುಬೆರಳು ಎಲ್ಲಿ ಎಂದು ವಿವರಿಸುತ್ತಾನೆ. ಅದ್ಭುತವಾದ ವಾದ. ಭಾನುವಾರವೇ ಹೇಳಿದ್ದರೆ ಗೆಲ್ಲುತ್ತಿದ್ದ.