ಕ್ಯಾರಲ್ಟನ್ನಿನ ಅಂಗಡಿಗಾಗಿ ಕುದುರೆ ಕುಣಿತ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಬಸವನಗುಡಿಯ ಹೋಟೆಲೊಂದರ ದೋಸೆ ಕಾವಲಿಯೇ ನನ್ನ ಕಾಲೇಜು. ಆ ಓದಿನ ಮೇಲೆಯೇ ಟೆಕ್ಸಸ್ ಮುಟ್ಟಿದೆ ಎಂದು ಎದೆ ತಟ್ಟಿ ಹೇಳುತ್ತೇನೆ. ವರ್ಷಗಟ್ಟಲೆ ಇನ್ನೊಬ್ಬರ ಅಡುಗೆಮನೆಯಲ್ಲಿ ಬೆವರಿಳಿಸಿದ ಮೇಲೆ ನನ್ನದೇ ಹೋಟೆಲ್ ಇಡುವ ಆಸೆಯಾಯಿತು. ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನಲ್ಲಿ, ಕೊರಿಯಾದವರ ಅಂಗಡಿಗಳ ಸಾಲಿನಲ್ಲಿ, ಒಂದು ಜಾಗ ಖಾಲಿಯಿತ್ತು. ಒಲೆ, ಚಿಮಣಿ ಎಲ್ಲ ಇದ್ದ ಅಂಥ ಜಾಗ ನನ್ನ ಕೈಗೆಟಕುವ ಬಾಡಿಗೆಗೆ ಇನ್ನೆಲ್ಲೂ ಸಿಗುವಂತಿರಲಿಲ್ಲ.

ಮಾಲೀಕರು ವಯಸ್ಸಾದ ಕೊರಿಯನ್ ಅಂಕಲ್. ಜಾಗ ತೋರಿಸಲು ಅವರೇ ಬಂದಿದ್ದರು. ನಮ್ಮವರಿಗೊಂದು ಚಾಳಿ: ಹೊಸಬರು ಸಿಕ್ಕರೆ ಊರು ಕೇಳಬೇಕು, ಊರು ಹೇಳಿದರೆ ಬಡಾವಣೆ ಕೇಳಬೇಕು. ಅವರು ಸಿಯೋಲ್ ಎಂದರು. ಸಿಯೋಲ್‌ನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಏರಿಯಾ. ಆ ವರ್ಷ ಪಕ್ಕದೂರು ಕಾಪೆಲ್‌ನ ಪ್ರತಿ ಬರ್ತ್‌ಡೇ ಪಾರ್ಟಿಯಲ್ಲೂ ಮಕ್ಕಳು ಅದರ ಹೆಸರಿನ ಹಾಡಿಗೇ ಕುದುರೆ ಸವಾರರಂತೆ ಕುಣಿಯುತ್ತಿದ್ದರು. ನಾನು ಬೋಂಡಾ ಕರಿಯುತ್ತಾ ನೋಡಿದ್ದೆ.

“ಗ್ಯಾಂಗ್ನಮ್ ಅಲ್ವಾ ಅಂಕಲ್?” ಎಂದವನೇ ಲಗಾಮು ಹಿಡಿದಂತೆ ಎರಡು ಹೆಜ್ಜೆ ಹಾಕಿಯೂ ಬಿಟ್ಟೆ.

ಅಂಕಲ್ ಮುಖ ಹರಳೆಣ್ಣೆ ಕುಡಿದಂತಾಯಿತು. “ನಾನು ಜೊಂಗ್ನೊದವನು! ಅರಮನೆ ಇರೋದು ಅಲ್ಲಿ, ಹಾನ್ ನದಿಯ ಉತ್ತರಕ್ಕೆ. ಗ್ಯಾಂಗ್ನಮ್ ದಕ್ಷಿಣ ದಡ. ನಾನು ಹುಡುಗನಾಗಿದ್ದಾಗ ಅಲ್ಲಿದ್ದದ್ದು ಬರೀ ಕೋಸಿನ ಹೊಲ, ಗೊಬ್ಬರದ ವಾಸನೆ!”

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದರಿಂದ ಎಲ್ಲ ಚೆನ್ನಾಗಿ ಅರ್ಥವಾಯಿತು.

“ಹೋಯ್ತು ಅಂಗಡಿ,” ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ. “ಕುಣೀರಿ ಅಂತ ನಿಮಗ್ಯಾರು ಹೇಳಿದ್ರು ರೀ?”

ಆದರೆ ಅವರ ಸಂಕಟ ನನಗೆ ತಿಳಿಯದ್ದೇ? ಬಸವನಗುಡಿಯವನನ್ನು ವೈಟ್‌ಫೀಲ್ಡಾ ಎಂದು ಕೇಳಿದರೆ ಮೈ ಉರಿಯುವುದಿಲ್ಲವೇ? “ನಮ್ಮೂರಲ್ಲೂ ಹಾಗೇ ಅಂಕಲ್,” ಎಂದೆ. “ಈಗ ಗಾಜಿನ ಬಿಲ್ಡಿಂಗ್ ಇರೋ ಕಡೆ ಆಗ ರಾಗಿ ಹೊಲ, ಎಮ್ಮೆ. ದುಡ್ಡು ಬಂದ ತಕ್ಷಣ ಊರಾಗ್ಬಿಡುತ್ತಾ?”

ಅಂಕಲ್ ನಕ್ಕರು. ಅವರ ನಾಮ್‌ಡೇಮುನ್ ಮಾರ್ಕೆಟ್ಟೇ ನಮ್ಮ ಚಿಕ್ಕಪೇಟೆ, ಮಯೊಂಗ್‌ಡಾಂಗ್ ನಮ್ಮ ಕಮರ್ಷಿಯಲ್ ಸ್ಟ್ರೀಟ್ ಎಂದು ತೀರ್ಮಾನವಾಯಿತು. ಕೋಸಿನ ಹೊಲದವರನ್ನು ಇಬ್ಬರೂ ಸೇರಿ ಹೊಟ್ಟೆ ತುಂಬ ಆಡಿಕೊಂಡೆವು. “ಅಂಗಡಿ ನಿನಗೇ,” ಎಂದು ಅವರು ಕೈ ಕುಲುಕಿದರು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅವರ ಹೆಂಡತಿ ಬಂದರು. ಬೀಗದ ಕೈ ಇದ್ದದ್ದು ಅವರ ಕೈಯಲ್ಲಿ.

“ಆ ಕೋಸಿನ ಹೊಲ ನಮ್ಮಪ್ಪಂದು. ಈ ಅಂಗಡಿ ತಗೊಂಡದ್ದು ಆ ಹೊಲ ಮಾರಿದ ದುಡ್ಡಲ್ಲಿ. ಇವರ ಅರಮನೆ ದುಡ್ಡಲ್ಲಲ್ಲ.”

ಅಂಕಲ್ ಕಿಟಕಿಯಾಚೆಯ ಪಾರ್ಕಿಂಗ್ ಲಾಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ಆಂಟಿ, ಕೋಸಿಲ್ಲದೆ ಮದುವೆ ಊಟಾನೇ ಇಲ್ಲ ನಮ್ಮಲ್ಲಿ,” ಎಂದೆ. ಆಂಟಿ ಕರಗಲಿಲ್ಲ.

“ಒಳಗಿಂದ ನೋಡ್ತಿದ್ದೆ. ಆಗ ಎರಡೇ ಹೆಜ್ಜೆ ಹಾಕಿದೆಯಲ್ಲ, ಈಗ ಪೂರ್ತಿ ಕುಣಿ,” ಎಂದರು.

“ಮಂಡಿ ಹುಷಾರು ರೀ,” ಎಂದಳು ಹೆಂಡತಿ.

ಕೆಲಸ ಯಾವುದಾದರೂ ಅರ್ಧಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಖಾಲಿ ಅಂಗಡಿಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಕುದುರೆ ಓಡಿಸಿದೆ. ಆಂಟಿ ತಾಳ ಹಾಕಿದರು. ನನ್ನವಳೂ ಹಾಕಿದಳು, ದ್ರೋಹಿ. ಏದುಸಿರು ಬಿಡುತ್ತಾ ನಿಂತಾಗ ಬೀಗದ ಕೈ ನನ್ನ ಅಂಗೈಗೆ ಬಿತ್ತು.

ಹೋಟೆಲ್ ಶುರುವಾದ ಮೇಲೆ ಭಾನುವಾರ ಇಬ್ಬರೂ ಊಟಕ್ಕೆ ಬರುತ್ತಿದ್ದರು. ಅಂಕಲ್ ಉತ್ತರದ ಗೋಡೆಯ ಪಕ್ಕ, ಆಂಟಿ ದಕ್ಷಿಣದ ಗೋಡೆಯ ಪಕ್ಕ. ನಡುವಿನ ದಾರಿಗೆ ಅವರ ಹಾನ್ ನದಿಯ ಹೆಸರನ್ನೇ ಇಟ್ಟುಬಿಟ್ಟೆವು. ಅಂಕಲ್‌ಗೆ ಇನ್ನೊಂದು ಸಲ ಕೋಸಿನ ಪಲ್ಯ ಬೇಕೆಂದರೆ, ಆಚೆ ದಡದಿಂದ ಅಪ್ಪಣೆಯಾಗಬೇಕಿತ್ತು.