ಇಲ್ಲ ಎಂದು ಬರೆಯದ ಸುಬ್ರಾಯಣ್ಣ

ಮೊಹರಿನ ಮಸಿಯ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಬಂದರೆ ಸಾಕು, ನಗು ತಡೆಯಲಾಗುವುದಿಲ್ಲ. ಇವತ್ತು ಬೆಳಿಗ್ಗೆ ಕಾಲೇಜಿನಲ್ಲಿ ಮಸಿಯ ಡಬ್ಬಿ ತೆರೆಯಲು ಹೋಗಿ ಹೆಬ್ಬೆರಳು ನೇರಳೆ ಮಾಡಿಕೊಂಡೆ. ಎರಡು ಸಲ ಸಾಬೂನು ಹಾಕಿದರೂ ಹೋಗಲಿಲ್ಲ. ಬೆರಳು ಮೂಸಿಕೊಂಡು ಒಬ್ಬಳೇ ನಗುತ್ತಿದ್ದ ನನ್ನನ್ನು ಕಂಡು, ಅರ್ಜಿ ಹಿಡಿದು ಎದುರಿಗೆ ಕೂತಿದ್ದ ವಿದ್ಯಾರ್ಥಿನಿ ಗಾಬರಿಯಾದಳು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮಗೆ ಸುಬ್ರಾಯಣ್ಣನ ಪರಿಚಯ ಆಗಬೇಕು.

ಸುಬ್ರಾಯಣ್ಣ ಹೊನ್ನಾವರದ ನಮ್ಮ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದರು. ದಿನಾ ಕತಗಾಲದಿಂದ ಕುಮಟೆಗೆ ಒಂದು ಬಸ್ಸು, ಕುಮಟೆಯಿಂದ ಹೊನ್ನಾವರಕ್ಕೆ ಇನ್ನೊಂದು. ಪ್ರಿನ್ಸಿಪಾಲರಿರಲಿ, ಜವಾನನಿರಲಿ, ಎಲ್ಲರ ಹತ್ತಿರವೂ ತಮ್ಮ ಮನೆಭಾಷೆಯನ್ನೇ ಆಡುವವರು. ಯಾರು ಯಾವ ಪುಸ್ತಕ ಕೇಳಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಇದ್ದು." ಅಂದರೆ, ಇದೆ. ಕೇಳಿದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಅದರ ಸೋದರ ಸಂಬಂಧಿಯಂಥ ಇನ್ನೊಂದನ್ನು ತಂದು ಕೈಗಿಡುತ್ತಿದ್ದರು. ಒಮ್ಮೆ ಒಬ್ಬ ಪೋಲಿ ವಿದ್ಯಾರ್ಥಿ ಮುಂದಿನ ವರ್ಷದ ಪ್ರಶ್ನೆಪತ್ರಿಕೆ ಕೇಳಿದ. ಸುಬ್ರಾಯಣ್ಣ ಒಂದಿಷ್ಟೂ ವಿಚಲಿತರಾಗದೆ ಕಳೆದ ವರ್ಷದ್ದನ್ನು ಕೊಟ್ಟು, "ಇದ್ದು, ತಗ. ಇದೇ ಬಪ್ಪದು" ಎಂದರು. ಅದೇ ಬಂತು.

ಇದಕ್ಕೆ ಅವರನ್ನು ಬಯ್ಯುವ ಹಾಗಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಇದೇ ಪಾಠ. ಅಕ್ಕಿ ಡಬ್ಬಿ ತಳ ಕಂಡರೆ 'ಅಕ್ಕಿ ತುಂಬಿದೆ' ಅನ್ನಬೇಕು, ಬಳೆ ಒಡೆದರೆ 'ಹೆಚ್ಚಿತು' ಅನ್ನಬೇಕು, ಹೊರಡುವವರು 'ಹೋಗ್ತೇನೆ' ಅನ್ನಬಾರದು. ಉಳಿದವರು ಇದನ್ನು ಅಡುಗೆಮನೆಯಲ್ಲಿ ಪಾಲಿಸಿದರೆ ಸುಬ್ರಾಯಣ್ಣ ಲೈಬ್ರರಿಯಲ್ಲೂ ಪಾಲಿಸಿದರು, ಅಷ್ಟೇ ವ್ಯತ್ಯಾಸ.

ನಾನು ಸಂಶೋಧನೆಗೆ ಹೊರಟ ವರ್ಷ ಲೈಬ್ರರಿಯ ಕಂಪ್ಯೂಟರಿಗೆ ಹೊಸದೊಂದು ಸೌಕರ್ಯ ಬಂತು. ಮೊದಲೆಲ್ಲ ಪ್ರಬಂಧ, ಲೇಖನಗಳ ಒಂದೊಂದು ಡೇಟಾಬೇಸಿಗೂ ಬೇರೆ ಬೇರೆಯಾಗಿ ಹೋಗಿ ಹುಡುಕಬೇಕಿತ್ತು. ಈಗ ಒಂದೇ ಪೆಟ್ಟಿಗೆ. ಅದರಲ್ಲಿ ಪದ ಟೈಪು ಮಾಡಿದರೆ ಎಲ್ಲ ಡೇಟಾಬೇಸುಗಳಿಗೂ ಒಟ್ಟಿಗೇ ಹೋಗಿ ಕೇಳುತ್ತದೆ. ಪರದೆಯ ಮೇಲೆ ಒಂದೊಂದರ ಹೆಸರಿನ ಪಕ್ಕವೂ ಪುಟ್ಟ ಚಕ್ರ ತಿರುಗುತ್ತದೆ. ಚಕ್ರ ನಿಂತಲ್ಲಿ ಎಷ್ಟು ಸಿಕ್ಕಿತು ಎಂಬ ಅಂಕಿ ಬರುತ್ತದೆ. ಸುಬ್ರಾಯಣ್ಣನ ಸಂತೋಷ ಕೇಳಬೇಡಿ. ತಮ್ಮಂಥದೇ ಸ್ವಭಾವದ ಯಂತ್ರ ಸಿಕ್ಕಿತಲ್ಲ! ಅದಕ್ಕೂ 'ಇಲ್ಲ' ಅನ್ನಲು ಬರುತ್ತಿರಲಿಲ್ಲ.

ಸರಿಯಾಗಿ ಆಗಲೇ ನನಗೆ 'ಇಲ್ಲ' ಬೇಕಾಯಿತು.

ಗದ್ದೆಯಲ್ಲಿ ಹಕ್ಕಿ ಓಡಿಸುವಾಗ ಹೆಂಗಸರು ಹೇಳುವ ಹಾಡುಗಳ ಮೇಲೆ ಪಿಎಚ್‌ಡಿ ಮಾಡಲು ಹೊರಟಿದ್ದೆ. ಭಟ್ಕಳದ ಹತ್ತಿರ ಹೆಬಳೆಯಲ್ಲಿ ನನ್ನ ದೊಡ್ಡಮ್ಮ ಇದ್ದಳು. ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ನಿಂತು ಅವಳು ಹಕ್ಕಿಗಳನ್ನು ಹಾಡಿನಲ್ಲೇ ಬೈದು ಓಡಿಸುತ್ತಿದ್ದಳು. ಅವಳಿಗೆ ವಯಸ್ಸಾಗಿತ್ತು, ಕೆಮ್ಮು ಜಾಸ್ತಿಯಾಗಿತ್ತು. ಆ ವರ್ಷ ನನ್ನ ಹೆಸರು ನೋಂದಣಿ ಆಗದಿದ್ದರೆ ಮುಂದಿನ ವರ್ಷಕ್ಕೆ ಅವಳ ದನಿ ಉಳಿದಿರುತ್ತದೋ ಇಲ್ಲವೋ ಎಂಬ ಹೆದರಿಕೆ ನನಗೆ. ನೋಂದಣಿಗೆ ಒಂದು ಪ್ರಮಾಣಪತ್ರ ಬೇಕಿತ್ತು: ಈ ವಿಷಯದಲ್ಲಿ ಈವರೆಗೆ ಯಾರೂ ಕೆಲಸ ಮಾಡಿಲ್ಲ ಎಂದು. ಎಲ್ಲ ಡೇಟಾಬೇಸು ಹುಡುಕಿ ಸೊನ್ನೆ ಬಂದದ್ದರ ಪ್ರಿಂಟು, ಅದರ ಜೊತೆ ಲೈಬ್ರರಿಯನ್ ಕೈಬರಹದಲ್ಲಿ ಒಂದು ಸಾಲು, ಮೇಲೊಂದು ಮೊಹರು. ಶನಿವಾರ ಕೊನೆಯ ದಿನ.

ಸೋಮವಾರ ಹುಡುಕಲು ಕೂತೆವು. ಚಕ್ರಗಳು ತಿರುಗಿದವು. ಸಾವಿರಗಟ್ಟಲೆ ಬಂತು. ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುವುದು, ಕೋಳಿಜ್ವರ, ದ್ರಾಕ್ಷಿ ತೋಟಕ್ಕೆ ಬಲೆ ಕಟ್ಟುವುದು.

"ಇದ್ದು! ಎಷ್ಟ್ ಇದ್ದು ನೋಡು!" ಸುಬ್ರಾಯಣ್ಣನ ಮುಖ ಅರಳಿತು.

"ಸುಬ್ರಾಯಣ್ಣ, ಇರಬಾರ್ದು. ನಂಗೆ ಸೊನ್ನೆ ಬೇಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸೊನ್ನೆ ತಗಂಡು ಎಂತ ಮಾಡ್ತೆ ತಂಗಿ?"

ಮಂಗಳವಾರ 'ಭತ್ತ' ಸೇರಿಸಿದೆವು, ಬುಧವಾರ 'ಹಾಡು' ಸೇರಿಸಿದೆವು. ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. 'ಹೆಬಳೆ' ಎಂದು ಹಾಕಿದರೆ ಎಲ್ಲಿಯದೋ ಏಡಿಗಳ ಬಗ್ಗೆ ಒಂದು ಲೇಖನ ಬಂತು. ಅದಕ್ಕೂ ಹೆಬಳೆಗೂ ಏನು ಸಂಬಂಧ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಗುರುವಾರ ಅಂತೂ ಸೊನ್ನೆ ಬಂತು. ನಾನು ಕುಣಿಯುತ್ತ ಪ್ರಿಂಟರಿಗೆ ಕಾಗದ ತುಂಬಲು ಓಡಿದೆ. ತಿರುಗಿ ಬರುವುದರೊಳಗೆ, ಪರದೆ ಹಾಗೆ ಖಾಲಿ ಬಿದ್ದಿದ್ದನ್ನು ನೋಡಲಾರದೆ, ಸುಬ್ರಾಯಣ್ಣ ಒಂದು ಪದ ಅಳಿಸಿ ಮತ್ತೆ ಹುಡುಕಿಬಿಟ್ಟಿದ್ದರು. "ಬಂತು ತಂಗಿ! ಹೆದ್ರಡ, ಇದ್ದು!" ಯಾವ ಪದ ಅಳಿಸಿದರೆಂದು ಅವರಿಗೂ ನೆನಪಿರಲಿಲ್ಲ. ಅವತ್ತು ನಾನು ಅತ್ತೆ. ಅವರು ಸಮಾಧಾನಕ್ಕೆಂದು ಏಡಿಯ ಲೇಖನವನ್ನೇ ಪ್ರಿಂಟು ತೆಗೆದು ಕೊಟ್ಟರು.

ಶುಕ್ರವಾರ ಯಾವ ಪದ ಹಾಕಿದರೂ ಆ ಸೊನ್ನೆ ತಿರುಗಿ ಬರಲಿಲ್ಲ. ಶನಿವಾರ ಮಧ್ಯಾಹ್ನ ಬೇರೆ ದಾರಿ ಕಾಣದೆ ದೊಡ್ಡಮ್ಮನಿಗೆ ಫೋನು ಹಚ್ಚಿದೆ. "ದೊಡ್ಡಮ್ಮ, ನೀನು ಹಕ್ಕಿಗೆ ಎಂತೆಂತ ಹೇಳಿ ಬೈತೆ? ಬೇಗ ಹೇಳು." ಅವಳೋ, ಕೇಳುವವರು ಸಿಕ್ಕಿದ ಖುಷಿಯಲ್ಲಿ ಹಾಡಲಿಕ್ಕೇ ಶುರುಮಾಡಿದಳು. 'ಶಾಂತತೆ ಕಾಪಾಡಿ' ಎಂಬ ಫಲಕದ ಕೆಳಗೆ, ಸ್ಪೀಕರಿನಲ್ಲಿ, ಕೆಮ್ಮಿನ ಸಮೇತ. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಅವಳು ಬೈದ ಹೆಸರುಗಳನ್ನೆಲ್ಲ ನಾನು ಪೆಟ್ಟಿಗೆಗೆ ತುಂಬುತ್ತ ಹೋದೆ: ಕಳ್ಳಿ, ಕೆಂಪುಮೂಗಿ, ಹೊಟ್ಟೆಬಾಕಿ, ಬಾಯ್ಬಡುಕಿ. ಜಗತ್ತಿನ ವಿದ್ವತ್ತೆಲ್ಲ ಒಟ್ಟಿಗೆ ಚಕ್ರ ತಿರುಗಿಸಿ ಬಾಯ್ಬಡುಕಿಯನ್ನು ಹುಡುಕಿತು. ಸೊನ್ನೆ! ಈ ಸಲ ಸುಬ್ರಾಯಣ್ಣನ ಕೈ ಹಿಡಿದುಕೊಂಡೇ ಪ್ರಿಂಟು ತೆಗೆದೆ.

ಅವರ ಗಮನ ಮಾತ್ರ ಹಾಡಿನ ಮೇಲಿತ್ತು. "ಕೊನಿಗೆ ಎಂತ ಹೇಳ್ತ್ರು ಕೇಳು" ಎಂದರು. ಕೇಳಿದೆ. ಅಷ್ಟೆಲ್ಲ ಬೈದ ಮೇಲೆ ಕೊನೆಯ ಸಾಲು, 'ಕೊಯ್ಲು ಮುಗಿದ ಮೇಲೆ ಬಾ.'

"ಬಾ ಅಂತೆ ಎಂತಕ್ಕೆ ಹೇಳೂದು ದೊಡ್ಡಮ್ಮ? ಓಡ್ಸೂಕೆ ಅಲ್ದಾ ಹಾಡೂದು?"

"ಬರಬೇಡ ಅಂತೆ ಹೇಳೂಕೆ ಆಗ್ತದ್ಯೆ? ಹಕ್ಕಿ ಬರದಿದ್ದ ಗದ್ದೆ ಎಂತ ಗದ್ದೆ ಮಾರಾಯ್ತಿ?"

ಸುಬ್ರಾಯಣ್ಣ ಸುಮಾರು ಹೊತ್ತು ಪೆನ್ನು ಹಿಡಿದು ಕೂತರು. ಗಂಟೆ ಮೂರೂವರೆ. ನಾಲ್ಕಕ್ಕೆ ಅರ್ಜಿ ತಗೊಂಡು ಹೋಗುವವರು ಬರುತ್ತಾರೆ. "ಇಲ್ಲ ಅಂತೆ ಬರೀರಿ ಸುಬ್ರಾಯಣ್ಣ, ಎರಡೇ ಅಕ್ಷರ" ಎಂದು ಬೇಡಿಕೊಂಡೆ. ಅವರು ಬರೆದದ್ದು ಇಷ್ಟು: 'ಹಾಡು ಇದೆ. ಹೆಬಳೆಯಲ್ಲಿ ಇವರ ದೊಡ್ಡಮ್ಮನ ಬಾಯಲ್ಲಿ ಇದೆ. ಬೇರೆ ಕಡೆಯೂ ಇದೆ.' ಮೇಲೆ ಮೊಹರು ಒತ್ತಿದರು. ನನ್ನ ಜನ್ಮ ಹಾಳಾಯಿತು ಅಂದುಕೊಂಡೆ. 'ಬೇರೆ ಕಡೆಯೂ' ಎಂಬುದನ್ನು ಓದಿ ಮೈಯೆಲ್ಲ ಉರಿಯಿತು. ಮೇಲಿಂದ ಒಂದು ಹಿಡಿ ಜಾಸ್ತಿ ಹಾಕುವುದು ಅವರ ಚಾಳಿ ಎಂದೇ ತಿಳಿದೆ. ಆದರೆ ನೋಂದಣಿ ಸಮಿತಿಯವರು ಅದನ್ನು ಓದಲೇ ಇಲ್ಲ. ಮೊಹರು ಇದೆಯೇ ಎಂದು ನೋಡಿದರು. ಇತ್ತು. ನನ್ನ ನೋಂದಣಿ ಆಯಿತು.

ಪ್ರಬಂಧ ಮುಗಿಯಿತು, ನಾನು ಡಾಕ್ಟರ್ ಆದೆ, ಸುಬ್ರಾಯಣ್ಣ ನಿವೃತ್ತರಾಗಿ ಕತಗಾಲ ಸೇರಿದರು. ದೊಡ್ಡಮ್ಮ ಎರಡು ಮಳೆಗಾಲದ ಹಿಂದೆ ತೀರಿಕೊಂಡಳು.

ಈಗ ಇವತ್ತಿನ ಹುಡುಗಿ. ಕುಮಟೆಯ ಕಡೆಯವಳು, ನನ್ನ ಕೈಕೆಳಗೆ ಪಿಎಚ್‌ಡಿ ಮಾಡಬೇಕೆಂದು ಬಂದವಳು. ಅದೇ ವಿಷಯ, ಅದೇ ನಮೂನೆಯ ಪ್ರಮಾಣಪತ್ರ. ಈಗ ಆ ಸಾಲನ್ನು ಗೈಡೇ ಬರೆಯಬೇಕು.

"ಮೇಡಂ, ಎಷ್ಟು ಹುಡುಕಿದ್ರೂ ಸೊನ್ನೆ ಬರೂದಿಲ್ಲ. ಒಂದು ಬಂದೇ ಬರ್ತದೆ" ಎಂದು ಅಳುಮುಖ ಮಾಡಿದಳು.

ನೋಡಿದರೆ, ಆ ಒಂದು ನನ್ನದೇ ಪ್ರಬಂಧ. ಅವಳ ದಾರಿಗೆ ಅಡ್ಡ ಬಿದ್ದವಳು ನಾನೇ. ವಿಷಯ ಬದಲಾಯಿಸು ಎಂದು ದೊಡ್ಡವಳ ಗತ್ತಿನಲ್ಲಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ನಿಮ್ಮ ಹಾಡಲ್ಲಿ ಹಕ್ಕಿ ಎಂತದೂ ಮಾತಾಡೂದಿಲ್ಲ ಅಲ್ಲ ಮೇಡಂ? ನಮ್ಮ ಅಮ್ಮನ ಹಾಡಲ್ಲಿ ಹಕ್ಕಿ ತಿರುಗಿ ಉತ್ರ ಕೊಡ್ತದೆ" ಎಂದಳು.

"ಎಂತ ಹೇಳ್ತದೆ?"

"ಬಾ ಅಂದೋಳೂ ನೀನೇ, ಬೈಯೋಳೂ ನೀನೇ, ಅಂತೆ."

ನನ್ನ ದೊಡ್ಡಮ್ಮ ಜೀವಮಾನವಿಡೀ ಒಂದೇ ಕಡೆಯಿಂದ ಬೈದು, ಒಂದೇ ಕಡೆಯಿಂದ ಕರೆದು, ಉತ್ತರ ಕೇಳದೆ ಹೋದಳು. ನನಗೆ ದುಃಖ ಉಕ್ಕಿ ಬಂತು. ಅವಳಿಗೆ ಇದನ್ನು ಕೇಳಿಸಿದ್ದರೆ ಎಷ್ಟು ನಗುತ್ತಿದ್ದಳು! "ನಿಮ್ಮನೆ ಯಾವ ಊರಲ್ಲಿ?" ಎಂದೆ.

"ಕತಗಾಲ ಮೇಡಂ."

ಅವಳ ಎದುರಿಗೇ ಸುಬ್ರಾಯಣ್ಣನಿಗೆ ಫೋನು ಮಾಡಿದೆ. "ನಿಮ್ಮೂರ ಗದ್ದೆಲಿ ಹಕ್ಕಿ ಮಾತಾಡ್ತದಂತೆ. ನಿಮಗೆ ಗೊತ್ತಿತ್ತಾ?"

"ಗೊತ್ತಿದ್ದು. ಸಣ್ಣಿದ್ದಾಗಿಂದ ಕೇಳಿದ್ದೆ."

"ಮತ್ತೆ ಆವತ್ತು ಎಂತಕ್ಕೆ ಹೇಳ್ಲಿಲ್ಲ?"

"ನೀ ಆವತ್ತು ಬಂದದ್ದು 'ಇಲ್ಲೆ' ಹೇಳಿ ಬರಸ್ಕಂಡು ಹೋಪಲೆ. 'ಇದ್ದಾ' ಹೇಳಿ ಒಂದ್ ಸಲನೂ ಕೇಳಿದ್ದಿಲ್ಲೆ ತಂಗಿ."

ಫೋನು ಇಟ್ಟು ಹುಡುಗಿಯ ಅರ್ಜಿ ಎಳೆದುಕೊಂಡೆ. ಖಾಲಿ ಜಾಗದಲ್ಲಿ ಬರೆದೆ: 'ಇದೆ, ಒಂದು ಪ್ರಬಂಧ. ಅದರಲ್ಲಿ ಹಕ್ಕಿಯ ಮಾತು ಬಿಟ್ಟುಹೋಗಿದೆ. ಬಿಟ್ಟವಳು ನಾನೇ.' ಕೆಳಗೆ ಸಹಿ ಮಾಡಿ ಮೊಹರು ಒತ್ತಿದೆ.