ಬಂದೂಕಿನ ಬಿಡುಗಡೆಗೆ ಹೆಬ್ಬೆಟ್ಟು

ಹುಮನಾಬಾದ್, ೧೯೪೬

ಕಲಬುರ್ಗಿಗೆ ಹೋಗುವ ಮೋಟಾರು ಇನ್ನೂ ಬಂದಿರಲಿಲ್ಲ. ಚಹಾದಂಗಡಿಯ ಮುಂದೆ, ಬಂದೂಕು ಇಟ್ಟುಕೊಳ್ಳುವ ಹಕ್ಕಿಗಾಗಿ ಊರೂರು ತಿರುಗುವ ಸಭೆಯೊಂದರ ಕಾರ್ಯದರ್ಶಿ ನಿರ್ಣಾ ಊರಿನ ಹೆಂಗಸೊಬ್ಬಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಅರ್ಜಿ ಓದಿ ಹೇಳುತ್ತಿದ್ದರು. ಮನೆಗೆ ನುಗ್ಗಿದ ದರೋಡೆಕೋರನಿಗೆ ಗುಂಡು ಹೊಡೆದು ಆಕೆಯ ಗಂಡ ಜೈಲು ಸೇರಿದ್ದ. ಅವನಿಗೆ ಲೈಸೆನ್ಸು ಕೊಡಿಸಿದ್ದು ಇದೇ ಸಭೆ. ಅರ್ಜಿ ಅವನನ್ನು ಬಿಡಿಸಲಿಕ್ಕೆಂದೇ ಮೋಟಾರಿಗೆ ಕಾಯುತ್ತ ಕೂತಿದ್ದ ನಾನು ತಿಳಿದಿದ್ದೆ. ಅಲ್ಲ, ಠಾಣೆಯಲ್ಲಿಟ್ಟ ಬಂದೂಕನ್ನು ಬಿಡಿಸಲಿಕ್ಕೆ!

“ಇದರಾಗ ನಮ್ಮ ಮನಿಯವ್ರನ್ನ ಬಿಡ್ರಿ ಅಂತ ಎಲ್ಲಿ ಅದರಿ?” ಎಂದಳು ಆಕೆ.

“ಅದು ಅದಾಲತ್ತಿನ ಮಾತವ್ವಾ. ಬಂದೂಕ ನಮ್ಮ ಹಕ್ಕು, ಮೊದಲ ಅದು ಬರ್ಲಿ.”

“ಬಂದೂಕ ಇಟ್ಕೋರಿ ಅಂತ ಹೇಳಾಕ ಮನಿತನಕ ಬಂದ್ರಿ. ಜೀವಾ ಉಳಿಸ್ಕೊಳ್ಳಾಕ ಹೊಡದಾರ ಅಂತ ಹೇಳಾಕ ಅದಾಲತ್ತಿಗಿ ಯಾಕ ಬರ್ಲಿಲ್ಲರಿ?”

ಕಾರ್ಯದರ್ಶಿ ಅರ್ಜಿಯನ್ನು ಆಕೆಯ ಮುಂದಕ್ಕೆ ಸರಿಸಿದರು.

ಅಷ್ಟರಲ್ಲಿ ಮೋಟಾರು ಬಂತು. ಆಕೆ ಹೆಬ್ಬೆಟ್ಟು ಒತ್ತದೆ ಎದ್ದುಬಂದು ಮೋಟಾರು ಹತ್ತಿ ನನ್ನ ಪಕ್ಕದ ಸಾಲಿನಲ್ಲಿ ಕೂತಳು. ಜೈಲಿಗೆ ಒಯ್ಯುತ್ತಿದ್ದ ರೊಟ್ಟಿಯ ಗಂಟು ಮಡಿಲಲ್ಲಿತ್ತು. ಅದರ ಬಿಳಿ ಬಟ್ಟೆಯ ಮೇಲೆ, ಕೈ ಹಿಡಿದಲ್ಲೆಲ್ಲ, ಆಕೆಯ ಹೆಬ್ಬೆಟ್ಟು ಕಪ್ಪಗೆ ಮೂಡಿತ್ತು.